ಸೊಸೆಗೆ ಅಳು ತರಿಸುವ ಆಲೂಗಡ್ಡೆಯ ನಾಡಿನಲ್ಲಿ

ಪೆರುವಿಗೆ ಹೋಗುತ್ತಿದ್ದೇವೆ ಅಂದಾಗ ಅಪ್ಪ ಬೆಟ್ಟದ ಮೇಲಿನ ಹಳೆಯ ಊರು ಮಾಚು ಪಿಚುವಿನ ಮಾತೇ ಎತ್ತಲಿಲ್ಲ. "ಆಲೂಗಡ್ಡೆ ಹುಟ್ಟಿದ್ದು ಅಲ್ಲೇ ಅಂತೆ. ಹೆಂಗೆ ಬೆಳೀತಾರೆ ನೋಡ್ಕೊಂಡು ಬಾ" ಅಂದರು, ಅಷ್ಟೆ. ಹಾಸನದ ಹತ್ತಿರದ ನಮ್ಮ ಹೊಲದಲ್ಲಿ ಅವರು ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಪ್ರತಿ ವರ್ಷ ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆ ಗಡ್ಡೆಗೆ ಕಾದು ನಿಂತವರು. ಅಂಗಮಾರಿ ರೋಗ ಮೇಲಿಂದ ಮೇಲೆ ಹೊಡೆದ ಮೇಲೆ ಸಾಕಪ್ಪಾ ಸಾಕು ಅಂತ ಮುಸುಕಿನ ಜೋಳಕ್ಕೆ ಹೊರಳಿದರು. ಅದೂ ಅಮೆರಿಕದಿಂದಲೇ ಬಂದ ಬೆಳೆ ಅಂತ ನಾನು ಹೇಳಿದರೆ, "ಎಲ್ಲಾ ಅಲ್ಲಿಂದಲೇ ಬಂದಿದ್ರೆ ನಮ್ಮೋರು ಮುಂಚೆ ಏನ್ ತಿಂತಿದ್ರು?" ಅಂತ ನನ್ನನ್ನೇ ಕೇಳಿದರು.

ಎರಡು ವಾರದಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಚಿಲಿ, ಪೆರು ಎಲ್ಲ ತೋರಿಸುತ್ತೇವೆ ಅನ್ನುವ ಪ್ಯಾಕೇಜುಗಳು ಬೇಕಾದಷ್ಟಿವೆ. ನಕಾಶೆ ತೆಗೆದು ನೋಡಿದರೆ ಅರ್ಧ ರಜೆ ವಿಮಾನ ನಿಲ್ದಾಣಗಳಲ್ಲೇ ಕಳೆಯುತ್ತದೆ ಅಂತ ಗೊತ್ತಾಯಿತು. ನಾನು, ನನ್ನ ಗಂಡ ಇಬ್ಬರೂ ಐವತ್ತರ ಆಸುಪಾಸು. ಒಂದೇ ದೇಶ, ನಿಧಾನಕ್ಕೆ ಅಂತ ತೀರ್ಮಾನ ಮಾಡಿದೆವು.

ಹೊರಡುವ ಮುಂಚಿನ ಮೂರು ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲನೆಯದು ವೀಸಾ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ದು, ಅದರಲ್ಲಿ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇದ್ದರೆ ಪೆರು ಪ್ರವಾಸಕ್ಕೆ ಭಾರತೀಯರು ಬೇರೆ ವೀಸಾ ಮಾಡಿಸಬೇಕಾಗಿಲ್ಲ. ನಮ್ಮ ಹತ್ತಿರ ಅಮೆರಿಕದ ವೀಸಾ ಇತ್ತು, ಬಚಾವಾದೆವು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಎರಡನೆಯದು ಹಳದಿ ಜ್ವರದ ಲಸಿಕೆ. ಇದನ್ನು ತುಂಬಾ ಜನ ಮರೆಯುತ್ತಾರೆ. ಪೆರುವಿನಲ್ಲಿ ಇಳಿಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಕೇಳುವುದು ವಾಪಸ್ ಬಂದಾಗ, ನಮ್ಮ ದೇಶದವರೇ! ಹಳದಿ ಜ್ವರ ಇರುವ ದೇಶಗಳಿಂದ ಬಂದವರ ಹತ್ತಿರ ಲಸಿಕೆಯ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡಿರಬೇಕು. ಅಧಿಕೃತ ಕೇಂದ್ರಗಳು ಕೆಲವೇ, ಹಾಗಾಗಿ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಮ್ಮೆ ಹಾಕಿಸಿದರೆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ.

ಮೂರನೆಯದು ನಮ್ಮ ಕಡೆಯವರಿಗೇ ಬರುವ ಪಜೀತಿ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮಾಚು ಪಿಚು ಟಿಕೆಟ್ ಕೊಳ್ಳುವಾಗ ಆ ಜಾಗ ತುಂಬದೆ ಮುಂದಕ್ಕೇ ಹೋಗಲು ಬಿಡುವುದಿಲ್ಲ. ಕೊನೆಗೆ ಎರಡೂ ಕಡೆ ಒಂದೇ ಹೆಸರು ಬರೆದೆ. ಅಲ್ಲಿಯ ಗೇಟಿನಲ್ಲಿ ಹುಡುಗಿ ಟಿಕೆಟನ್ನೂ ಪಾಸ್‌ಪೋರ್ಟನ್ನೂ ಎರಡು ಸಲ ನೋಡಿ ನಕ್ಕು ಒಳಗೆ ಬಿಟ್ಟಳು. ಪಾಸ್‌ಪೋರ್ಟ್ ನಂಬರ್ ಮಾತ್ರ ಒಂದಕ್ಷರವೂ ತಪ್ಪಾಗಬಾರದು.

ದಿನ 1 ಮತ್ತು 2: ಆಕಾಶದಲ್ಲಿ, ಆಮೇಲೆ ಲಿಮಾ

ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಲಿಮಾ. ಎರಡನೇ ವಿಮಾನವೇ ಹನ್ನೆರಡು ಗಂಟೆಗಿಂತ ಜಾಸ್ತಿ. ಪೆರು ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುವುದರಿಂದ ಹೊರಟ ಮರುದಿನ ಸಂಜೆಯೇ ಇಳಿದೆವು. ಮೈ ಮಾತ್ರ ಅದನ್ನು ನಂಬಲಿಲ್ಲ.

ವಿಮಾನ ನಿಲ್ದಾಣದ ಹೊರಗೆ ಮೊದಲು ಸಿಕ್ಕ ಟ್ಯಾಕ್ಸಿಯವನು ಹೇಳಿದ ದರ ಹೋಟೆಲಿನವರು ಹೇಳಿದ್ದರ ಎರಡರಷ್ಟಿತ್ತು. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಹತ್ತುವ ಮುಂಚೆಯೇ ದರ ಮಾತಾಡಬೇಕು. ಮೆಜೆಸ್ಟಿಕ್‌ನಲ್ಲಿ ಆಟೋ ಹಿಡಿದು ಅಭ್ಯಾಸ ಇದ್ದವರಿಗೆ ಇದೇನು ಕಷ್ಟವಲ್ಲ, ಆದರೆ ಸ್ಪ್ಯಾನಿಷ್ ಸಂಖ್ಯೆಗಳು ಬರಬೇಕು. ಒಂದರಿಂದ ನೂರರವರೆಗೆ ಕಲಿತು ಹೋಗಿ. ನಮಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಪಾಠ ಅದು. ಡಾಲರ್ ನೋಟು ತಂದರೆ ಹೊಸದಾಗಿರಲಿ. ಅಂಚಿನಲ್ಲಿ ಕೂದಲೆಳೆಯಷ್ಟು ಹರಿದ ನನ್ನ ಇಪ್ಪತ್ತು ಡಾಲರ್ ನೋಟು ಯಾರೂ ಮುಟ್ಟದೆ ಬೆಂಗಳೂರಿಗೆ ವಾಪಸ್ ಬಂತು.

ದಿನ 3: ಮಳೆ ಬಾರದ ಮೋಡ

ಲಿಮಾ ಪೆಸಿಫಿಕ್ ಸಾಗರದ ಅಂಚಿನಲ್ಲಿ, ಕಡಿದಾದ ದಿಬ್ಬದ ಮೇಲೆ ಕೂತಿದೆ. ಮೇ ಕೊನೆ ಅಲ್ಲಿ ಚಳಿಗಾಲದ ಆರಂಭ. ಆಕಾಶ ಪೂರ್ತಿ ಬೂದಿ ಬಣ್ಣ. ಆಗುಂಬೆ ಥರ ಈಗ ಸುರಿಯುತ್ತೆ, ಈಗ ಸುರಿಯುತ್ತೆ ಅನ್ನಿಸುತ್ತಲೇ ಇರುತ್ತದೆ. ಸುರಿಯುವುದಿಲ್ಲ. ಲಿಮಾ ಇರುವುದು ಮರುಭೂಮಿಯಲ್ಲಿ. ಸಮುದ್ರದ ತಣ್ಣನೆಯ ಪ್ರವಾಹದಿಂದಾಗಿ ಮಂಜು ಕವಿಯುತ್ತದೆ, ಮಳೆಯಾಗುವುದಿಲ್ಲ. ಈ ಮಂಜಿಗೆ ಅಲ್ಲಿಯವರು ಗರುವಾ ಅನ್ನುತ್ತಾರೆ.

ಮಳೆ ಇಲ್ಲದ್ದಕ್ಕೇ ಉಳಿದುಕೊಂಡ ಒಂದು ಅಚ್ಚರಿ ಮಿರಾಫ್ಲೋರೆಸ್ ಬಡಾವಣೆಯ ಮಧ್ಯದಲ್ಲಿದೆ. ವಾಕಾ ಪುಕ್ಯಾನಾ ಅಂತ ಹೆಸರು. ಸ್ಪೇನಿನವರು ಬರುವ ಮುಂಚೆ ಇಲ್ಲಿ ಆಳಿದ ಇಂಕಾಗಳಿಗಿಂತಲೂ ನೂರಾರು ವರ್ಷ ಮೊದಲು ಹಸಿ ಇಟ್ಟಿಗೆಯಿಂದ ಕಟ್ಟಿದ ದಿಬ್ಬದಂಥ ಗುಡಿ. ಇಟ್ಟಿಗೆಗಳನ್ನು ಮಲಗಿಸಿಲ್ಲ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದ್ದಾರೆ. ನಡುವೆ ಸಣ್ಣ ಸಂದು ಬಿಟ್ಟಿದ್ದಾರೆ. ಭೂಕಂಪವಾದರೆ ಇಟ್ಟಿಗೆ ಅಲ್ಲಾಡುತ್ತದೆ, ಗೋಡೆ ಬೀಳುವುದಿಲ್ಲ. ನಮ್ಮೂರಿನ ಒಂದು ಮುಂಗಾರಿಗೆ ಸಿಕ್ಕಿದ್ದರೆ ಇದು ಕರಗಿ ಹೋಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಮೆನುವಿನಲ್ಲಿ "ಪಾಪಾ" ಅಂತ ಎಲ್ಲ ಕಡೆ ಇರುವುದನ್ನು ನೋಡಿ, "ಯಾರಿದು ಪಾಪ?" ಅಂದರು. ಪಾಪಾ ಅಂದರೆ ಆಲೂಗಡ್ಡೆ. ಇಲ್ಲಿಯ ಬೆಟ್ಟದ ಜನರ ಕೆಚುವಾ ಭಾಷೆಯ ಪದ, ಸ್ಪ್ಯಾನಿಷ್‌ನವರೂ ಅದನ್ನೇ ಎತ್ತಿಕೊಂಡಿದ್ದಾರೆ. ಅವತ್ತು ತಿಂದದ್ದು ಪಾಪಾ ಅ ಲಾ ವಾಂಕಾಯೀನಾ. ಬೇಯಿಸಿದ ಆಲೂಗಡ್ಡೆ ಬಿಲ್ಲೆಯ ಮೇಲೆ ಹಳದಿ ಮೆಣಸಿನಕಾಯಿ, ಗಿಣ್ಣಿನ ಥರದ ಚೀಸ್ ಹಾಕಿ ಅರೆದ ಗೊಜ್ಜು. ಸಸ್ಯಾಹಾರಿಗಳು ಈ ಹೆಸರು ಬಾಯಿಪಾಠ ಮಾಡಿಕೊಳ್ಳಿ, ಎಲ್ಲೆಡೆ ಸಿಗುತ್ತದೆ.

ಇನ್ನೊಂದು ಎಚ್ಚರ. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ. ಆದರೆ ಕೋಳಿಯನ್ನು ಅವರು ಮಾಂಸ ಅಂತ ಲೆಕ್ಕ ಹಾಕುವುದಿಲ್ಲ! ಮೊದಲ ದಿನವೇ ನನ್ನ ತಟ್ಟೆಗೆ ಕೋಳಿ ಬಂತು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" ಅಂತ ಮೂರನ್ನೂ ಹೇಳಬೇಕು. ಸೂಪ್ ಬಗ್ಗೆ ಬೇರೆಯಾಗಿಯೇ ಕೇಳಬೇಕು, ತರಕಾರಿ ಸೂಪಿನ ನೀರೂ ಕೋಳಿಯದ್ದೇ ಆಗಿರಬಹುದು. ನನ್ನ ಗಂಡ ಎಲ್ಲ ತಿನ್ನುವವರು, ಸೆವಿಚೆಯ ಹಸಿ ಮೀನಿಗೆ ನಿಂಬೆರಸ ಹಿಂಡಿದ ರುಚಿಯನ್ನು ಇವತ್ತಿಗೂ ವರ್ಣಿಸುತ್ತಾರೆ.

ದಿನ 4: ಮೇಲಕ್ಕೆ ಹೋಗಿ ಕೆಳಕ್ಕೆ ಇಳಿ

ಲಿಮಾ ಸಮುದ್ರದ ಮಟ್ಟ. ಒಂದೂವರೆ ಗಂಟೆಯ ವಿಮಾನ ಹಾರಾಟ, ಇಳಿದರೆ ಕುಸ್ಕೊ, 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ 2,000 ಮೀಟರ್ ದಾಟುವುದಿಲ್ಲ. ಹೆಚ್ಚಿನವರು ಅವತ್ತೇ ಕುಸ್ಕೊದಲ್ಲಿ ಉಳಿದು, ರಾತ್ರಿ ತಲೆನೋವು, ವಾಂತಿ ಅಂತ ಒದ್ದಾಡುತ್ತಾರೆ. ಹಾಗೆ ಮಾಡಬೇಡಿ. ವಿಮಾನ ನಿಲ್ದಾಣದಿಂದ ನೇರ ಕೆಳಗಿನ ಕಣಿವೆಗೆ ಇಳಿಯಿರಿ. ಉರುಬಾಂಬಾ ನದಿಯ ಈ ಕಣಿವೆಯನ್ನು ಪವಿತ್ರ ಕಣಿವೆ ಅನ್ನುತ್ತಾರೆ. ನಾವು ಉಳಿದ ಒಯ್ಯಾಂತಾಯ್ತಾಂಬೊ ಸುಮಾರು 2,800 ಮೀಟರ್. ಕುಸ್ಕೊವನ್ನು ಕೊನೆಗೆ ನೋಡಿದರೆ ಅಷ್ಟರಲ್ಲಿ ಮೈ ಒಗ್ಗಿರುತ್ತದೆ.

ಕಣಿವೆಗೆ ಇಳಿಯುವ ದಾರಿ ಮೊದಲು ಇನ್ನೂ ಮೇಲೆ ಹತ್ತುತ್ತದೆ. ಚಿಂಚೆರೊ ಊರಿನ ಹತ್ತಿರ ಬ್ಯಾಗಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಊದಿಕೊಂಡಿತ್ತು. ನನ್ನ ತಲೆಯೂ ಹಾಗೇ ಆದಂತಿತ್ತು. ಹೋಟೆಲಿನಲ್ಲಿ ಕೋಕಾ ಎಲೆಯ ಬಿಸಿನೀರು ಕೊಟ್ಟರು. ಹುಲ್ಲು ಕುದಿಸಿದ ರುಚಿ. ಮುನ್ಯಾ ಅನ್ನುವ ಪುದೀನದಂಥ ಸೊಪ್ಪಿನ ಕಷಾಯ ನನಗೆ ಹೆಚ್ಚು ಇಷ್ಟವಾಯಿತು. ಕೋಕಾ ಎಲೆ, ಕೋಕಾ ಚಹಾದ ಪೊಟ್ಟಣ ಅಲ್ಲಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನೆನಪಿಗೆ ಅಂತ ಒಂದೂ ಮನೆಗೆ ತರಬೇಡಿ. ಅಲ್ಲಿ ಅದು ಚಹಾ, ಇಲ್ಲಿ ಅದು ಮಾದಕ ವಸ್ತು.

ನಾವು ಮಾಡಿದ್ದು ಇಷ್ಟೆ. ನೀರು ಜಾಸ್ತಿ, ರಾತ್ರಿ ಊಟ ಕಮ್ಮಿ, ಮೊದಲ ದಿನ ಮೆಟ್ಟಿಲು ಹತ್ತಲಿಲ್ಲ. ಎತ್ತರಕ್ಕೆ ಮೈ ಒಗ್ಗಲಿ ಅಂತ ಡಾಕ್ಟರ್ ಬರೆದುಕೊಟ್ಟ ಡಯಾಮಾಕ್ಸ್ ಮಾತ್ರೆಯನ್ನು ಹಿಂದಿನ ದಿನದಿಂದಲೇ ಶುರು ಮಾಡಿದ್ದೆವು. ಸಲ್ಫಾ ಅಲರ್ಜಿ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಬೆರಳ ತುದಿ ಜುಮ್ ಅನ್ನುತ್ತಿರುತ್ತದೆ, ಹೆದರಬೇಡಿ.

ದಿನ 5: ಕೋಟೆಯೋ ಗುಡಿಯೋ

ಒಯ್ಯಾಂತಾಯ್ತಾಂಬೊದಲ್ಲಿ ಇಂಕಾಗಳು ಹಾಕಿದ ಬೀದಿಗಳಲ್ಲೇ ಜನ ಇನ್ನೂ ವಾಸ ಮಾಡುತ್ತಾರೆ. ಬೀದಿಯ ಪಕ್ಕ ಕಲ್ಲಿನ ಕಾಲುವೆ, ಅದರಲ್ಲಿ ಬೆಟ್ಟದ ನೀರು ಗಲಗಲ ಹರಿಯುತ್ತಲೇ ಇರುತ್ತದೆ. ರಾತ್ರಿ ಅದೇ ಜೋಗುಳ.

ಊರ ಮೇಲಿನ ಮೆಟ್ಟಿಲು ಮೆಟ್ಟಿಲಾದ ಗುಡ್ಡದ ತುದಿಯಲ್ಲಿ ಆರು ದೊಡ್ಡ ಕಲ್ಲುಗಳನ್ನು ಒಟ್ಟಿಗೆ ನಿಲ್ಲಿಸಿದ ಅರ್ಧಂಬರ್ಧ ಗುಡಿಯಿದೆ. ಕಲ್ಲು ಬಂದದ್ದು ನದಿಯಾಚೆಯ ಎದುರು ಬೆಟ್ಟದಿಂದ. ಚಕ್ರದ ಗಾಡಿ ಇಲ್ಲ, ಕಬ್ಬಿಣ ಇಲ್ಲ, ಎತ್ತಿಲ್ಲ. ಜನರೇ ಎಳೆದದ್ದು. 1537ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ಇಲ್ಲೇ ಸ್ಪೇನಿನವರನ್ನು ಹಿಮ್ಮೆಟ್ಟಿಸಿದ. ಕೆಳಗಿನ ಬಯಲಿಗೆ ನದಿ ನೀರು ನುಗ್ಗಿಸಿ ಅವರ ಕುದುರೆಗಳು ಓಡದ ಹಾಗೆ ಮಾಡಿದನಂತೆ. ಇಲ್ಲಿ ಗೆದ್ದ. ಆಮೇಲೆ ಕಾಡಿನ ಕಡೆ ಹಿಂದೆ ಸರಿದ.

ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಈ ಗೋಡೆಗಳಲ್ಲಿ ಮೊದಲು ಏನೋ ಕಮ್ಮಿ ಅನ್ನಿಸಿತು. ಒಂದು ಬಳ್ಳಿ ಇಲ್ಲ, ಆನೆ ಸಾಲಿಲ್ಲ, ಬರಿಯ ಬೋಳು ಕಲ್ಲು. ಹತ್ತಿರ ಹೋಗಿ ಎರಡು ಕಲ್ಲು ಕೂಡುವ ಜಾಗದಲ್ಲಿ ಉಗುರು ಹಾಕಿ ನೋಡಿದೆ. ಇಳಿಯಲಿಲ್ಲ. ನಮ್ಮ ಹೊಯ್ಸಳ ಶಿಲ್ಪಿಗೆ ಮೆತ್ತನೆಯ ಬಳಪದ ಕಲ್ಲು ಸಿಕ್ಕಿತ್ತು, ಉಳಿ ಇತ್ತು. ಇವರು ಗಟ್ಟಿ ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಕೂರಿಸಿದ್ದಾರೆ. ಕೆತ್ತನೆಯ ಶ್ರಮ ಎಲ್ಲ ಆ ಸಂದಿನೊಳಗೆ ಹೋಗಿದೆ.

ದಿನ 6: ಉಪ್ಪು

ಟ್ಯಾಕ್ಸಿ ಮಾಡಿಕೊಂಡು ಮೊರಾಯ್ ಮತ್ತು ಮಾರಾಸ್ ನೋಡಿದೆವು. ಮೊರಾಯ್ ಬೋಗುಣಿಯ ಹಾಗೆ ಒಳಗೊಳಗೆ ಇಳಿಯುವ ದುಂಡು ಗದ್ದೆಗಳು. ಮೇಲಿನ ಸುತ್ತಿಗೂ ತಳಕ್ಕೂ ಸೆಕೆಯಲ್ಲಿ ವ್ಯತ್ಯಾಸ ಇರುವುದರಿಂದ ಬೇರೆ ಬೇರೆ ಬೆಳೆ ಪರೀಕ್ಷೆಗೆ ಕಟ್ಟಿರಬಹುದು ಅಂತ ತಿಳಿದವರ ಊಹೆ. ಮಾರಾಸ್‌ನಲ್ಲಿ ಬೆಟ್ಟದೊಳಗಿನಿಂದ ಉಪ್ಪು ನೀರಿನ ಒರತೆ ಬರುತ್ತದೆ. ಅದನ್ನು ಇಳಿಜಾರಿನಲ್ಲಿ 3,000ಕ್ಕೂ ಹೆಚ್ಚು ಮಡಿಗಳಿಗೆ ಹಾಯಿಸಿ ಒಣಗಿಸುತ್ತಾರೆ. ಮಡಿಗಳು ಊರಿನ ಮನೆತನಗಳದ್ದು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದ್ದೆ, ಅದನ್ನೇ ಬೆಟ್ಟಕ್ಕೆ ಅಂಟಿಸಿದ ಹಾಗಿತ್ತು.

ಒಂದು ಹಣದ ಮಾತು. ಕಣಿವೆಯ ಮತ್ತು ಕುಸ್ಕೊದ ಮುಖ್ಯ ಜಾಗಗಳಿಗೆ ಸೇರಿಸಿ 130 ಸೋಲ್‌ನ ಒಂದು ಪ್ರವಾಸಿ ಚೀಟಿ ಇದೆ, ಹತ್ತು ದಿನ ನಡೆಯುತ್ತದೆ. ಒಂದು ಸೋಲ್ ಅಂದರೆ ಹೆಚ್ಚುಕಮ್ಮಿ ಇಪ್ಪತ್ತೆರಡು ಇಪ್ಪತ್ತಮೂರು ರೂಪಾಯಿ ಅಂತ ನಾವು ಲೆಕ್ಕ ಹಾಕಿದೆವು. ಮಾರಾಸ್, ಮಾಚು ಪಿಚು ಅದರಲ್ಲಿ ಬರುವುದಿಲ್ಲ.

ದಿನ 7: ಮೇ 30

ಬೇಕೆಂದೇ ಈ ದಿನ ಆರಿಸಿಕೊಂಡೆವು. ಮೇ 30 ಪೆರುವಿನಲ್ಲಿ ರಾಷ್ಟ್ರೀಯ ಆಲೂಗಡ್ಡೆ ದಿನ. ಸುಗ್ಗಿಯ ಕಾಲವೂ ಅದೇ. ಪಿಸಾಕ್ ಊರಿನ ಮೇಲಿನ ಗುಡ್ಡಗಳಲ್ಲಿ ಕೆಚುವಾ ಜನರ ಕೆಲವು ಹಳ್ಳಿಗಳು ಸೇರಿ ಆಲೂಗಡ್ಡೆ ಉದ್ಯಾನ ಅಂತ ಮಾಡಿಕೊಂಡಿವೆ. ಸಾವಿರಕ್ಕೂ ಹೆಚ್ಚು ತಳಿಗಳನ್ನು ಹೊಲದಲ್ಲೇ ಬೆಳೆಸಿ ಉಳಿಸಿಕೊಂಡಿದ್ದಾರೆ. ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ, ಮೊದಲೇ ತಿಳಿಸಿ ಹೋಗಬೇಕು. ನಾವು ಎರಡು ತಿಂಗಳ ಮುಂಚೆ ಇಮೇಲ್ ಮಾಡಿದ್ದೆವು.

ಕಂಬಳಿ ಹಾಸಿ ಅದರ ಮೇಲೆ ಗಡ್ಡೆ ಹರಡಿದ್ದರು. ನೇರಳೆ, ಕೆಂಪು, ಕಪ್ಪು, ಶುಂಠಿಯ ಹಾಗೆ ಕವಲೊಡೆದದ್ದು, ಬೆರಳಿನ ಹಾಗೆ ಉದ್ದದ್ದು. ಪೂಮಾದ ಪಂಜ ಅಂತ ಹೆಸರಿರುವ ಒಂದಕ್ಕೆ ನಿಜವಾಗಿ ಪಂಜದ ಹಾಗೆ ಬೆರಳು. ಮಧ್ಯಕ್ಕೆ ಕೊಯ್ದರೆ ಒಳಗೆ ನೇರಳೆ ಬಳೆ ಬಳೆ. ನಮಗೆ ತೋರಿಸುತ್ತಿದ್ದ ಹೆಂಗಸು ಒಂದು ಗಂಟು ಗಂಟಾದ ಗಡ್ಡೆ ಎತ್ತಿ ನನ್ನ ಕೈಗೆ ಕೊಟ್ಟು ನಗತೊಡಗಿದರು. ಅದರ ಹೆಸರಿನ ಅರ್ಥ ಸೊಸೆಗೆ ಅಳು ತರಿಸುವುದು ಅಂತ! ಮದುವೆಗೆ ಮುಂಚೆ ಹುಡುಗಿಯ ಕೈಗೆ ಇದನ್ನು ಕೊಟ್ಟು ಸಿಪ್ಪೆ ತೆಗೆ ಅನ್ನುತ್ತಾರಂತೆ. ತಿರುಳು ಹಾಳಾಗದ ಹಾಗೆ ತೆಗೆದರೆ ಪಾಸು. ಅವರು ಕೆಚುವಾದಲ್ಲಿ ಹೇಳಿದ್ದು ಸ್ಪ್ಯಾನಿಷ್‌ಗೆ ಬಂದು, ಅಲ್ಲಿಂದ ಇಂಗ್ಲಿಷ್‌ಗೆ ಬಂದು, ನಾನು ಗಂಡನಿಗೆ ಕನ್ನಡದಲ್ಲಿ ಹೇಳುವ ಹೊತ್ತಿಗೆ ಅಲ್ಲಿದ್ದ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಚಾಕು ಹಿಡಿದು ಪ್ರಯತ್ನ ಮಾಡಿದೆ. ಅರ್ಧ ಗಡ್ಡೆ ಸಿಪ್ಪೆಯ ಜೊತೆ ಹೋಯಿತು. ನಪಾಸು.

ಅಪ್ಪನ ಪರವಾಗಿ ಅಂಗಮಾರಿಯ ಬಗ್ಗೆ ಕೇಳಿದೆ. ಎಲೆ ಕಪ್ಪಾಗಿ ಕೊಳೆಯುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದಾಗ ಒಬ್ಬರು ತಟ್ಟನೆ "ರಾಂಚಾ!" ಅಂದರು. ಅವರಲ್ಲೂ ಇದೆ. ಸೆಕೆ ಜಾಸ್ತಿಯಾದ ಹಾಗೆ ಕೆಳಗಿನ ಹೊಲಗಳಿಗೆ ರೋಗ ಬರುತ್ತಿದೆ, ಅದಕ್ಕೆ ಬಿತ್ತನೆ ವರ್ಷ ವರ್ಷ ಮೇಲಕ್ಕೆ ಹೋಗುತ್ತಿದೆ ಅಂದರು. ಮೇಲೆ ಕೈ ತೋರಿಸಿದರು. ಅಲ್ಲಿ ಗುಡ್ಡದ ತುದಿ ಕಾಣುತ್ತಿತ್ತು. ಅದರಾಚೆ ಆಕಾಶ.

ಅವರು ಒಂದೇ ಹೊಲದಲ್ಲಿ ಹತ್ತಾರು ತಳಿ ಕಲಸಿ ಹಾಕುತ್ತಾರೆ. ರೋಗವೋ ಹಿಮವೋ ಬಂದರೆ ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ. ಒಂದು ಬೆಳೆ ತೆಗೆದ ಮೇಲೆ ಆ ಹೊಲವನ್ನು ಕೆಲವು ವರ್ಷ ಬಿಟ್ಟುಬಿಡುತ್ತಾರೆ. ಉಳುವುದು ಕಾಲಿನಲ್ಲಿ ಒತ್ತುವ ಉದ್ದ ಹಾರೆಯಂಥ ನೇಗಿಲಿನಿಂದ.

ಊಟಕ್ಕೆ ಹೊಲದಲ್ಲೇ ಮಣ್ಣಿನ ಹೆಂಟೆ ಜೋಡಿಸಿ ಗೂಡು ಕಟ್ಟಿದರು. ಒಳಗೆ ಬೆಂಕಿ ಹಾಕಿ ಹೆಂಟೆ ಕೆಂಪಾಗುವಷ್ಟು ಕಾಯಿಸಿ, ಗಡ್ಡೆ ಒಳಗೆ ಹಾಕಿ, ಗೂಡನ್ನು ಅದರ ಮೇಲೇ ಕೆಡವಿ ಮುಚ್ಚಿದರು. ಇದಕ್ಕೆ ವಾತಿಯಾ ಅನ್ನುತ್ತಾರೆ. ಜೊತೆಗೆ ಉಚುಕುತಾ. ಉಚು ಅಂದರೆ ಮೆಣಸಿನಕಾಯಿ, ಕುತಾ ಅಂದರೆ ಅರೆದದ್ದು. ಕಲ್ಲಿನ ಮೇಲೆ ಕಲ್ಲಿಟ್ಟು ಸೊಪ್ಪಿನ ಜೊತೆ ಅರೆದ ಖಾರ ಚಟ್ನಿ. ಸುಟ್ಟ ಆಲೂಗಡ್ಡೆಯ ಮಣ್ಣು ಕೊಡವಿ, ಸಿಪ್ಪೆ ಸುಲಿದು, ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟಾಗ ನಾನು ಏನೂ ಮಾತಾಡಲಿಲ್ಲ. ಹೊಲದ ಬದುವಿನ ಮೇಲೆ ಅಮ್ಮ ಸುಟ್ಟು ಕೊಡುತ್ತಿದ್ದುದು ನೆನಪಾಯಿತು. ಅವತ್ತು ಕ್ಯಾಮೆರಾ ತೆಗೆಯಲು ಮರೆತೆ.

ರಾತ್ರಿ ಏಳಕ್ಕೆ ಫೋನ್ ಮಾಡಿದೆ. ಹಾಸನದಲ್ಲಿ ಬೆಳಗಿನ ಐದೂವರೆ, ಅಪ್ಪ ಎದ್ದಿರುತ್ತಾರೆ. ಎಲ್ಲ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಕಲಸಿ ಹಾಕಿದ್ರೆ ಮಂಡೀಲಿ ಯಾರು ತಗೋತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಂದ್ ಬಿತ್ತನೆ ಗಡ್ಡೆ ತರಕ್ಕಾಗಲ್ವಾ?" ಅಂತಲೂ ಕೇಳಿದರು. ಆಗಲ್ಲ. ಬಿತ್ತನೆ ಗಡ್ಡೆ, ಬೀಜ, ಮಣ್ಣು ಹಾಗೆ ಬ್ಯಾಗಿನಲ್ಲಿ ತರುವುದು ಕಾನೂನು ಪ್ರಕಾರ ತಪ್ಪು. ಅಂಗಮಾರಿಯೂ ಹೀಗೇ ಯಾರದೋ ಗಡ್ಡೆಯ ಜೊತೆ ಲೋಕ ಸುತ್ತಿದ ರೋಗ.

ದಿನ 8: ರೈಲು

ಒಯ್ಯಾಂತಾಯ್ತಾಂಬೊದಿಂದ ಮಾಚು ಪಿಚುವಿನ ಬುಡದ ಊರು ಅಗ್ವಾಸ್ ಕಾಲಿಯೆಂತೆಸ್‌ಗೆ ಸಂಜೆಯ ರೈಲು. ನದಿಯ ಪಕ್ಕದಲ್ಲೇ ಓಡುತ್ತದೆ. ಒಣ ಬೆಟ್ಟ ಕರಗಿ ಹಸಿರು ಕಾಡಾಗುವುದನ್ನು ಕಿಟಕಿಯಲ್ಲಿ ನೋಡುತ್ತಾ ಕೂರಬಹುದು. ರೈಲಿನಲ್ಲಿ ಸಣ್ಣ ಬ್ಯಾಗು ಮಾತ್ರ ಬಿಡುತ್ತಾರೆ. ದೊಡ್ಡ ಸೂಟ್‌ಕೇಸ್ ಹೋಟೆಲಿನಲ್ಲೇ ಬಿಟ್ಟು ಹೋದೆವು, ಹೆಚ್ಚಿನ ಹೋಟೆಲಿನವರು ಇಟ್ಟುಕೊಳ್ಳುತ್ತಾರೆ.

ದಿನ 9: ಮಾಚು ಪಿಚು

ಬೆಳಗಿನ ಜಾವ ಐದಕ್ಕೆ ಬಸ್ಸಿನ ಸಾಲಿನಲ್ಲಿ ನಿಂತೆವು. ಹೋಗಿ ಬರಲು ತಲೆಗೆ 24 ಡಾಲರ್, ಅರ್ಧ ಗಂಟೆಯೂ ಇಲ್ಲದ ದಾರಿಗೆ! ಒಳಗೆ ಹೋಗಲು 152 ಸೋಲ್ ಬೇರೆ. ಈಗ ಸುಮ್ನೆ ಎಲ್ಲೆಂದರಲ್ಲಿ ತಿರುಗುವ ಹಾಗಿಲ್ಲ. ಟಿಕೆಟಿನಲ್ಲೇ ಸಮಯ ಮತ್ತು ಯಾವ ಸುತ್ತು ಅಂತ ಬರೆದಿರುತ್ತದೆ. ಮೂರು ಸುತ್ತುಗಳಲ್ಲಿ ಎರಡನೆಯದನ್ನು ಹಿಡಿಯಿರಿ. ಕ್ಯಾಲೆಂಡರಿನಲ್ಲಿ ನೋಡಿದ ಚಿತ್ರವೂ ಸಿಗುತ್ತದೆ, ಊರಿನ ಒಳಗೂ ಹೋಗಬಹುದು. ಅದು ಬೇಗ ಮುಗಿಯುವುದೂ ಹೌದು, ಒಣ ಹವೆಯ ತಿಂಗಳುಗಳಿಗಾದರೆ ಕೆಲವು ತಿಂಗಳ ಮುಂಚೆಯೇ ತೆಗೆದುಕೊಳ್ಳಬೇಕು. ಒಳಗೆ ಶೌಚಾಲಯ ಇಲ್ಲ. ಗೇಟಿನ ಹೊರಗಿದೆ, ಎರಡು ಸೋಲ್. ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಹಾಗಾಗಿ ಮೊದಲು ಅದನ್ನು ಮುಗಿಸಿಯೇ ಹೋಗಿ.

ಏಳಕ್ಕೆ ಒಳಗೆ ಹೋದಾಗ ಕಂಡದ್ದು ಬರೀ ಬಿಳಿ ಮಂಜು. ಪಕ್ಕದವರ ಗೊಣಗಾಟ. ನಾವು ಒಂದು ಕಟ್ಟೆಗೆ ಒರಗಿ ನಿಂತೆವು. ಒಂದು ಲಾಮಾ ಬಂದು ನಮ್ಮ ಪಕ್ಕದ ಹುಲ್ಲು ಮೇಯ್ದು ಹೋಯಿತು. ಎಂಟರ ಹೊತ್ತಿಗೆ ಮಂಜು ಕೆಳಗಿನಿಂದ ಹರಿದುಕೊಂಡು ಮೇಲೆದ್ದಿತು. ಮೊದಲು ಒಂದು ಗೋಡೆ ಕಂಡಿತು, ಆಮೇಲೆ ನಾಲ್ಕು, ಆಮೇಲೆ ಇಡೀ ಊರು, ಅದರ ಹಿಂದೆ ವಾಯ್ನಾ ಪಿಚುವಿನ ಕೊಂಬಿನಂಥ ಶಿಖರ. ಫೋಟೋದಲ್ಲಿ ಸಾವಿರ ಸಲ ನೋಡಿದ್ದರೂ ಎದುರಿಗೆ ಬಂದಾಗ ಕಾಲು ಸ್ವಲ್ಪ ಸಡಿಲವಾಯಿತು. ಇದು 2,430 ಮೀಟರ್, ಕುಸ್ಕೊಗಿಂತ ತಗ್ಗು. ಶ್ರವಣಬೆಳಗೊಳ ಹತ್ತಿದ ಕಾಲಿಗೆ ಮೆಟ್ಟಿಲೂ ಭಾರ ಅನ್ನಿಸಲಿಲ್ಲ.

ನನಗೆ ಹಿಡಿಸಿದ್ದು ಗುಡಿಗಳಿಗಿಂತ ಚರಂಡಿ. ನಗಬೇಡಿ. ಇಷ್ಟು ಮಳೆ ಬೀಳುವ ಕಡಿದಾದ ಬೆಟ್ಟದ ಮೇಲೆ ಊರು ಕಟ್ಟಿ, ಐನೂರು ವರ್ಷಕ್ಕಿಂತ ಹೆಚ್ಚು ಕಾಲ ಜಾರದೆ ನಿಂತಿರುವುದು ನೀರಿಗೆ ದಾರಿ ಮಾಡಿಕೊಟ್ಟಿದ್ದರಿಂದ. ಗೋಡೆ ಗೋಡೆಗೂ ನೀರು ಹೋಗಲು ಸಣ್ಣ ಕಿಂಡಿ, ಅಂಥವು ನೂರಕ್ಕೂ ಹೆಚ್ಚು. ಗದ್ದೆ ಮಡಿಗಳ ಕೆಳಗೆ ಜಲ್ಲಿ, ಮರಳು, ಮೇಲೆ ಮಣ್ಣು. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಸ್ಕೂಟರ್ ತಳ್ಳಿದವಳಿಗೆ ಇದು ದೊಡ್ಡ ವಿಷಯ.

ಅಮೆರಿಕದ ಹೈರಮ್ ಬಿಂಗಮ್ 1911ರ ಜುಲೈ 24ರಂದು ಇದನ್ನು "ಕಂಡುಹಿಡಿದ" ಅಂತ ಓದಿರುತ್ತೇವೆ. ಅವನು ಬಂದಾಗ ಅಲ್ಲಿ ರೈತ ಸಂಸಾರಗಳು ಇದ್ದವು. ಇಂಕಾಗಳ ಮಡಿಗಳಲ್ಲೇ ಮುಸುಕಿನ ಜೋಳ, ಆಲೂಗಡ್ಡೆ ಬೆಳೆದುಕೊಂಡಿದ್ದರು. ಅವನಿಗೆ ಊರು ತೋರಿಸಿದ್ದೇ ಅವರಲ್ಲಿಯ ಒಬ್ಬ ಪುಟ್ಟ ಹುಡುಗ.

ದಿನ 10 ಮತ್ತು 11: ಕುಸ್ಕೊ

ಈ ಊರಿನಲ್ಲಿ ಎರಡು ಕಾಲ ಒಂದರ ಮೇಲೊಂದು ಕೂತಿವೆ. ಇಂಕಾಗಳ ಸೂರ್ಯ ಗುಡಿ ಕೊರಿಕಾಂಚಾದ ಗೋಡೆಯ ಮೇಲೇ ಸ್ಪೇನಿನವರು ಮಠ ಕಟ್ಟಿದರು. 1950ರ ಭೂಕಂಪದಲ್ಲಿ ಮೇಲಿನದು ಬಹಳಷ್ಟು ಉರುಳಿತು, ಕೆಳಗಿನದು ಅಲ್ಲಾಡಲಿಲ್ಲ. ಕೆತೀಡ್ರಲ್‌ನಲ್ಲಿ ಯೇಸುವಿನ ಕೊನೆಯ ಊಟದ ಚಿತ್ರ ಇದೆ. ತಟ್ಟೆಯ ಮೇಲೆ ಕುಯ್, ಅಂದರೆ ಗಿನಿ ಇಲಿ! ಪೆರುವಿನ ಬೆಟ್ಟದ ಜನರ ಹಬ್ಬದ ಊಟ ಅದೇ ತಾನೆ, ಚಿತ್ರಕಾರ ತನಗೆ ಗೊತ್ತಿದ್ದುದನ್ನೇ ಬಡಿಸಿದ್ದಾನೆ.

ಸ್ಯಾನ್ ಪೆದ್ರೊ ಮಾರ್ಕೆಟ್ಟಿನಲ್ಲಿ ಹಣ್ಣಿನ ಸಾಲು ನೋಡುವಾಗ ಒಂದು ಪರಂಗಿ ಹಣ್ಣಿನ ಗುಡ್ಡೆ ಕಂಡಿತು. ನಮ್ಮಲ್ಲಿ ಅದಕ್ಕೆ ಪರಂಗಿಯವರ ಹಣ್ಣು ಅಂತ ಹೆಸರಿಟ್ಟೆವು. ಅದು ಪರಂಗಿಯವರದ್ದೂ ಅಲ್ಲ, ಅವರೂ ಇದೇ ಖಂಡಗಳಿಂದ ಹೊತ್ತು ತಂದದ್ದು. ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿ ಎಲ್ಲ ಹಾಗೇ. ನನ್ನ ಡಬ್ಬಿಯಲ್ಲಿದ್ದ ಬ್ಯಾಡಗಿ ಚಟ್ನಿಪುಡಿಯನ್ನು ಒಬ್ಬ ಮಾರುವವಳಿಗೆ ರುಚಿ ನೋಡಲು ಕೊಟ್ಟೆ. ಚಪ್ಪರಿಸಿ, ಒಂದು ಕೆಂಪು ರೊಕೊತೊ ಕಾಯಿ ತೋರಿಸಿ ಇದು ತಿಂದು ನೋಡು ಅನ್ನುವಂತೆ ಸನ್ನೆ ಮಾಡಿದಳು. ದಪ್ಪಮೆಣಸಿನಕಾಯಿಯ ಹಾಗೆ ಸಾಧು ಮುಖ, ಒಳಗೆ ಕಪ್ಪು ಬೀಜ. ಕಚ್ಚಿದೆ. ಹತ್ತು ನಿಮಿಷ ಕಣ್ಣಲ್ಲಿ ನೀರು.

ಕಾಮನಬಿಲ್ಲಿನ ಬೆಟ್ಟಕ್ಕೆ ಹೋಗಲೇಬೇಕು ಅಂತ ನನ್ನ ಗಂಡನ ಹಠ. 5,000 ಮೀಟರ್ ಎತ್ತರ, ನಡುರಾತ್ರಿ ಎದ್ದು ಹೊರಡಬೇಕು. ನಾನು ಮಲಗಿದೆ. ಅವರು ಸಂಜೆ ಬಂದು ಶೂ ಬಿಚ್ಚದೆ ಮಂಚಕ್ಕೆ ಬಿದ್ದರು. ಬಣ್ಣ ಹೇಗಿತ್ತು ಅಂದರೆ, "ಫೋಟೋದಲ್ಲಿ ಜಾಸ್ತಿ ಚೆನ್ನಾಗಿದೆ" ಅಂದರು.

ದಿನ 12: ಪುನೊ ಬಸ್ಸು

ಟಿಟಿಕಾಕಾ ಸರೋವರದ ದಡದ ಊರು ಪುನೊಗೆ ಏಳು ಗಂಟೆಯ ದಾರಿ. 4,335 ಮೀಟರಿನ ಲಾ ರಾಯಾ ಕಣಿವೆ ಬಾಗಿಲು ದಾಟಿದ ಮೇಲೆ ಬಯಲಿನಲ್ಲಿ ಅಲ್ಲಲ್ಲಿ ಕಪ್ಪು ಕಲ್ಲು ಹರಡಿದ ಹಾಗೆ ಕಂಡಿತು. ಕಲ್ಲಲ್ಲ, ಆಲೂಗಡ್ಡೆ. ಜೂನ್‌ನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲು ಸುಡುತ್ತದೆ. ಗಡ್ಡೆಯನ್ನು ಹೊರಗೆ ಹರಡಿ ಹಿಮಕ್ಕೆ ಬಿಟ್ಟು, ಕಾಲಿನಿಂದ ತುಳಿದು ನೀರು ತೆಗೆದು, ಒಣಗಿಸಿದರೆ ಚುನ್ಯೊ ಆಗುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ನಾವು ಸಂಡಿಗೆ ಮಾಡುತ್ತೇವಲ್ಲ, ಹಾಗೆ, ಹಿಮವೂ ಕೈ ಜೋಡಿಸಿದರೆ. ಸೂಪಿನಲ್ಲಿ ತಿಂದೆ. ರಬ್ಬರಿನ ಹಾಗಿತ್ತು, ನಿಜ ಹೇಳಬೇಕಲ್ಲ.

ದಿನ 13: ಟಿಟಿಕಾಕಾ

3,812 ಮೀಟರ್ ಎತ್ತರದಲ್ಲಿ ಸಮುದ್ರದಂಥ ಸರೋವರ. ಅರ್ಧ ಪೆರುವಿನದು, ಅರ್ಧ ಬೊಲಿವಿಯಾದ್ದು. ಜೊಂಡು ಹಾಸಿ ಹಾಸಿ ಮಾಡಿದ ಉರೋಸ್ ತೇಲು ದ್ವೀಪಗಳ ಮೇಲೆ ನಡೆದರೆ ಹಾಸಿಗೆಯ ಮೇಲೆ ನಡೆದ ಹಾಗೆ. ಕೆಳಗಿನ ಜೊಂಡು ಕೊಳೆಯುತ್ತಿರುತ್ತದೆ, ಮೇಲೆ ಹೊಸದು ಹಾಕುತ್ತಿರಬೇಕು. ಆದರೆ ನಮಗಾಗಿಯೇ ಹಾಡು, ನಮಗಾಗಿಯೇ ಕೈಬೀಸು. ಹತ್ತು ನಿಮಿಷಕ್ಕೆ ನನಗೆ ಮುಜುಗರವಾಯಿತು.

ತಾಕೀಲೆ ದ್ವೀಪ ಇಷ್ಟವಾಯಿತು. ದೋಣಿಯಿಂದ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಈ ಎತ್ತರದಲ್ಲಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತೆ. ಇಲ್ಲಿ ಗಂಡಸರು ಟೋಪಿ ಹೆಣೆಯುತ್ತಾರೆ. ನಡೆಯುತ್ತಾ, ಹರಟೆ ಹೊಡೆಯುತ್ತಾ, ಕೈಯಲ್ಲಿ ನಾಲ್ಕೈದು ಸಣ್ಣ ಕಡ್ಡಿ ಆಡುತ್ತಲೇ ಇರುತ್ತವೆ. ಊರವರ ಸಹಕಾರಿ ಅಂಗಡಿಯಲ್ಲಿ ಅಪ್ಪನಿಗೆ ಅಂತ ಕೆಂಪು ಬಿಳಿ ಸೇರಿದ ಚೆಂದದ ಟೋಪಿ ಕೊಂಡೆ. ದೋಣಿ ಹೊರಟ ಮೇಲೆ ಗೈಡ್ ಹೇಳಿದ್ದು: ಪೂರ್ತಿ ಕೆಂಪು ಟೋಪಿ ಮದುವೆಯಾದವರದ್ದು, ಬಿಳಿ ಸೇರಿದ್ದು ಮದುವೆಯಾಗದವರದ್ದು.

ವಾಪಸ್

ಪುನೊ ಹತ್ತಿರದ ವಿಮಾನ ನಿಲ್ದಾಣ ಹುಲಿಯಾಕಾದಿಂದ ಲಿಮಾ, ಲಿಮಾದಿಂದ ಬೆಂಗಳೂರು. ವಿಮಾನ ನಿಲ್ದಾಣದ ಆರೋಗ್ಯ ಕೌಂಟರಿನಲ್ಲಿ ಹಳದಿ ಕಾರ್ಡ್ ಕೇಳಿಯೇ ಕೇಳಿದರು. ಎರಡು ನಿಮಿಷದ ಕೆಲಸ.

ಮುಂದಿನ ಭಾನುವಾರ ಹಾಸನಕ್ಕೆ ಹೋದೆವು. ಅಪ್ಪ ಟೋಪಿ ಹಾಕಿಕೊಂಡೇ ಫೋಟೋ ನೋಡಿದರು. ಮಾಚು ಪಿಚುವನ್ನು ಬಸ್ಸಿನ ಕಿಟಕಿಯಲ್ಲಿ ಊರು ದಾಟಿದ ಹಾಗೆ ಸರಸರ ದಾಟಿಸಿದರು. ಗಂಟು ಗಂಟಾದ ಗಡ್ಡೆ ಬಂದಾಗ ನಿಂತು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಎಷ್ಟೋ ಹೊತ್ತು ನೋಡಿದರು. ಹೆಸರಿನ ಕಥೆ ಹೇಳಿದೆ.

"ನಿಮ್ಮಮ್ಮನ ಕೈಗೆ ಕೊಟ್ಟಿದ್ರೆ ಒಂದ್ ನಿಮಿಷದಲ್ಲಿ ಸುಲಿದಿರೋಳು" ಅಂದರು.

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ನಿಮ್ಮಮ್ಮ ಕೊಟ್ಟಿದ್ದನ್ನೆಲ್ಲ ಸುಲಿದೇ ಅಲ್ವಾ ಇಲ್ಲಿಗೆ ಬಂದಿರೋದು? ಮೊದ್ಲು ಆ ಬ್ರಹ್ಮಚಾರಿ ಟೋಪಿ ತೆಗೀರಿ."